ಡೈನೊಸಾರಿನ ಬಾಲ ನೆಲ ಬಿಟ್ಟಾಗ

ಐದಾರು ವರ್ಷದ ಮಗುವಿನ ಕೈಗೆ ಕ್ರೆಯಾನ್ ಕೊಟ್ಟು ಡೈನೊಸಾರ್ ಬಿಡಿಸು ಎಂದರೆ ಏನು ಬರುತ್ತದೆಂದು ಹಾಳೆ ನೋಡದೆಯೂ ಹೇಳಬಹುದು. ಹಸಿರು ಮೈ, ನೆಟ್ಟಗೆ ನಿಂತ ಭಂಗಿ, ನೆಲದ ಮೇಲೆ ಎಳೆದಾಡುವ ಬಾಲ, ಬಾಯಿ ಮುಚ್ಚಿದ್ದರೂ ಕಾಣುವ ಹಲ್ಲಿನ ಸಾಲು. ನಾಲ್ಕು ಕಾಲಿನ ಪ್ರಾಣಿಯಾದರೆ ನಾಲ್ಕೂ ಒಂದೇ ಸಾಲಿನಲ್ಲಿ, ಒಂದನ್ನೊಂದು ಮರೆಮಾಡದಂತೆ ನಿಂತಿರುತ್ತವೆ. ಹಿಂದೊಂದು ಜ್ವಾಲಾಮುಖಿ ಹೊಗೆ ಬಿಡುತ್ತಿರುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯುಕೆ ಎಂಬ ವಿದ್ವಾಂಸ ತನ್ನ ಮಗಳು ಬಿಡಿಸಿದ ಚಿತ್ರಗಳನ್ನೆಲ್ಲ ಕೂಡಿಟ್ಟು, 1913ರಲ್ಲಿ ಅವುಗಳ ಮೇಲೇ ಒಂದು ಪುಸ್ತಕ ಬರೆದ. ಮಗು ತನಗೆ ಕಂಡದ್ದನ್ನಲ್ಲ, ಗೊತ್ತಿರುವುದನ್ನು ಬಿಡಿಸುತ್ತದೆ ಎಂಬುದು ಅವನ ವಾದದ ತಿರುಳು. ಪ್ರಾಣಿಗೆ ನಾಲ್ಕು ಕಾಲಿವೆ ಎಂದು ಗೊತ್ತಿದೆ, ನಾಲ್ಕನ್ನೂ ತೋರಿಸಿದರಾಯಿತು.

ಹಸುವಿನ ಚಿತ್ರವಾದರೆ ಈ ಘಟ್ಟವನ್ನು ದಾಟುವುದು ಸುಲಭ. ಎದ್ದು ಹೋಗಿ ಹಸುವನ್ನು ನೋಡಿ ಬಂದರೆ ಅರ್ಧ ಕೆಲಸ ಮುಗಿಯಿತು. ಡೈನೊಸಾರನ್ನು ಯಾರು ಕಂಡಿದ್ದಾರೆ? ಅವು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 23 ಕೋಟಿ ವರ್ಷಗಳಾದವು, ಹಕ್ಕಿಗಳನ್ನು ಬಿಟ್ಟು ಉಳಿದವೆಲ್ಲ ಅಳಿದು 6.6 ಕೋಟಿ ವರ್ಷ. ಹಾಗಾಗಿ ಈ ಪ್ರಾಣಿಗಳ ವಿಷಯದಲ್ಲಿ ನುರಿತ ಕಲಾವಿದನೂ ಆ ಮಗುವಿನಂತೆ ಗೊತ್ತಿರುವುದನ್ನೇ ಬಿಡಿಸಬೇಕು. ಚಿತ್ರ ಸುಧಾರಿಸಬೇಕಾದರೆ ಮೊದಲು ತಿಳಿವಳಿಕೆ ಸುಧಾರಿಸಬೇಕು. ಕೈ ಆಮೇಲೆ.

ಕೈ ಮಾತ್ರ ಸುಧಾರಿಸುವ ಒಂದು ಘಟ್ಟವೂ ಉಂಟು. ಒಂಬತ್ತು ಹತ್ತು ವರ್ಷಕ್ಕೆ ಮಕ್ಕಳು ಸಿನಿಮಾ ಪೋಸ್ಟರ್, ಆಟಿಕೆ, ಪುಸ್ತಕದ ಮುಖಪುಟ ನೋಡಿ ನಕಲು ಮಾಡಲು ಶುರುಮಾಡುತ್ತಾರೆ. ಗೆರೆ ನಡುಗುವುದು ನಿಲ್ಲುತ್ತದೆ. ಪೆನ್ಸಿಲಿನ ನೆರಳು ನಯವಾಗುತ್ತದೆ. ಒಂದೊಂದೇ ಹುರುಪೆಯನ್ನು ಎಣಿಸಿದಂತೆ ಮೈತುಂಬ ಬಿಡಿಸುವ ತಾಳ್ಮೆ ಬರುತ್ತದೆ. ಮನೆಗೆ ಬಂದವರೆಲ್ಲ ಮೆಚ್ಚುತ್ತಾರೆ. ನನ್ನ ಕೇಳಿದರೆ ಇದು ಎಲ್ಲಕ್ಕಿಂತ ಮೋಸದ ಘಟ್ಟ. ಪೋಸ್ಟರಿನಲ್ಲಿದ್ದ ತಪ್ಪೆಲ್ಲ ಈಗ ಅಚ್ಚುಕಟ್ಟಾಗಿ ಹಾಳೆಗೆ ಬಂದಿರುತ್ತದೆ. ಹುರುಪೆ ಚೆಂದವಾಯಿತು, ಪ್ರಾಣಿ ಇದ್ದಲ್ಲೇ ಉಳಿಯಿತು. ಬಹಳ ಮಂದಿ ಇಲ್ಲೇ ನಿಂತುಬಿಡುತ್ತಾರೆ.

ಇಲ್ಲಿ ನಿಲ್ಲದೆ ಮುಂದೆ ಹೋದವರಲ್ಲಿ ಮೊದಲು ನೆನಪಾಗಬೇಕಾದವನು ಚಾರ್ಲ್ಸ್ ಆರ್. ನೈಟ್. ಹುಟ್ಟಿದ್ದು 1874ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಹುಟ್ಟಿನಿಂದಲೇ ದೃಷ್ಟಿದೋಷ. ಅದು ಸಾಲದೆಂಬಂತೆ, ಚಿಕ್ಕಂದಿನಲ್ಲಿ ಆಡುವಾಗ ಕಲ್ಲು ಬಡಿದು ಬಲಗಣ್ಣಿಗೆ ಪೆಟ್ಟಾಯಿತು. ಕಾನೂನಿನ ಲೆಕ್ಕದಲ್ಲಿ ಅವನು ಕುರುಡನೇ. ವಿಶೇಷವಾಗಿ ಮಾಡಿಸಿದ ಕನ್ನಡಕ ಹಾಕಿಕೊಂಡು, ಮೂಗು ಕ್ಯಾನ್ವಾಸಿಗೆ ತಾಗುವಷ್ಟು ಹತ್ತಿರದಿಂದ ಚಿತ್ರ ಬರೆಯುತ್ತಿದ್ದ. ಹದಿಹರೆಯದಲ್ಲಿ ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳಿಗೆ ವಿನ್ಯಾಸ ಮಾಡುವ ಕೆಲಸಕ್ಕೆ ಸೇರಿದ. ಬಿಡುವು ಸಿಕ್ಕಾಗೆಲ್ಲ ಓಡುತ್ತಿದ್ದುದು ಎರಡು ಕಡೆಗೆ: ಸೆಂಟ್ರಲ್ ಪಾರ್ಕಿನ ಮೃಗಾಲಯಕ್ಕೆ, ಇಲ್ಲವೇ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಸತ್ತ ಪ್ರಾಣಿಗಳಿಗೆ ಹೊಟ್ಟು ತುಂಬುವ ವಿಭಾಗಕ್ಕೆ. ಮೃಗಾಲಯದಲ್ಲಿ ಹುಲಿ ಹೇಗೆ ತಿರುಗುತ್ತದೆ, ಹೇಗೆ ಮಲಗುತ್ತದೆ ಎಂಬುದು ಸಿಕ್ಕಿತು. ಮ್ಯೂಸಿಯಂನಲ್ಲಿ ಚರ್ಮ ಸುಲಿದಾಗ ಒಳಗೆ ಯಾವ ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಸಿಕ್ಕಿತು.

1894ರಲ್ಲಿ ಅದೇ ಮ್ಯೂಸಿಯಂನ ಜೇಕಬ್ ವರ್ಟ್‌ಮನ್ ಅವನ ಮುಂದೆ ಒಂದು ಅಸ್ಥಿಪಂಜರವನ್ನಿಟ್ಟು, ಇದು ಬದುಕಿದ್ದಾಗ ಹೇಗಿತ್ತೆಂದು ಬಿಡಿಸಿಕೊಡಲು ಕೇಳಿದ. ಎಲೊಥೀರಿಯಂ ಎಂಬ, ಹಂದಿಯನ್ನು ಹೋಲುವ ಅಳಿದುಹೋದ ಸಸ್ತನಿ ಅದು. ಅಷ್ಟು ವರ್ಷ ಬದುಕಿರುವ ಪ್ರಾಣಿಗಳನ್ನು ಒಳಗಿನಿಂದ ಹೊರಗೆ ಓದಿದ್ದವನಿಗೆ ಇದು ಅದೇ ಪಾಠದ ಮುಂದುವರಿಕೆ. ಮೂಳೆಯ ಮೇಲೆ ಸ್ನಾಯು ಅಂಟಿದ್ದ ಗುರುತುಗಳಿರುತ್ತವೆ, ಅದರಿಂದ ಸ್ನಾಯುವಿನ ಗಾತ್ರ ಅಂದಾಜಾಗುತ್ತದೆ, ಅದರ ಮೇಲೆ ಚರ್ಮ. ಮುಂದೆ ನೈಟ್ ಇನ್ನೊಂದು ಹೆಜ್ಜೆ ಸೇರಿಸಿಕೊಂಡ. ಕುಂಚ ಹಿಡಿಯುವ ಮೊದಲು ಪ್ರಾಣಿಯ ಚಿಕ್ಕ ಮಣ್ಣಿನ ಮಾದರಿ ಮಾಡಿ ಬಿಸಿಲಿನಲ್ಲಿಡುತ್ತಿದ್ದ. ಹೊಟ್ಟೆಯ ಕೆಳಗೆ, ಕುತ್ತಿಗೆಯ ಪಕ್ಕದಲ್ಲಿ ನೆರಳು ಹೇಗೆ ಬೀಳುತ್ತದೆಂದು ನೋಡಿ ಆಮೇಲೆ ಚಿತ್ರಕ್ಕೆ ಕೈಹಾಕುತ್ತಿದ್ದ. ಇರದ ಪ್ರಾಣಿಯನ್ನು ಎದುರಿಗಿಟ್ಟು ಬರೆಯುವ ಉಪಾಯ!

ಅವನ ಇಪ್ಪತ್ತೆರಡರ ಪ್ರಾಯದ ಚಿತ್ರವೊಂದನ್ನು ಇಂದಿಗೂ ವಿಜ್ಞಾನಿಗಳು ತೆಗೆದು ತೋರಿಸುತ್ತಾರೆ. 1897ರ ಆರಂಭದಲ್ಲಿ ನೈಟ್ ಎಡ್ವರ್ಡ್ ಕೋಪ್ ಎಂಬ ಪ್ರಾಗ್ಜೀವಿ ವಿಜ್ಞಾನಿಯನ್ನು ಭೇಟಿಯಾದ. ಕೋಪ್ ಆಗ ಕಾಯಿಲೆಯಿಂದ ನರಳುತ್ತಿದ್ದ, ಏಪ್ರಿಲ್‌ನಲ್ಲಿ ತೀರಿಕೊಂಡ. ಆ ಮಾತುಕತೆಯಿಂದ ಹುಟ್ಟಿದ ಚಿತ್ರದಲ್ಲಿ ಎರಡು ಮಾಂಸಾಹಾರಿ ಡೈನೊಸಾರುಗಳು ಕಾದಾಡುತ್ತಿವೆ. ಒಂದು ಅಂಗಾತ ಬಿದ್ದು ಕಾಲೆತ್ತಿದೆ. ಇನ್ನೊಂದು ಅದರ ಮೇಲೆರಗಲು ನೆಲ ಬಿಟ್ಟು ಗಾಳಿಯಲ್ಲಿದೆ. ಲೀಲಾಪ್ಸ್ ಎಂದು ಕೋಪ್ ಕರೆದಿದ್ದ ಈ ಪ್ರಾಣಿಗೆ ಈಗಿನ ಹೆಸರು ಡ್ರಿಪ್ಟೊಸಾರಸ್. ಡೈನೊಸಾರ್ ಎಂದರೆ ಜಡ ದೇಹದ ದೈತ್ಯ ಹಲ್ಲಿ ಎಂದುಕೊಂಡಿದ್ದ ಕಾಲದಲ್ಲಿ ಹಾರುವ ಡೈನೊಸಾರನ್ನು ಬರೆಯಲು ಧೈರ್ಯ ಬೇಕಿತ್ತು. ವಿಚಿತ್ರವೆಂದರೆ ಅದೇ ವರ್ಷ ಅದೇ ಕೈ ಬ್ರಾಂಟೊಸಾರಸ್ ಒಂದನ್ನು ಕೆಸರುನೀರಿನಲ್ಲಿ ಮುಳುಗಿಸಿ ನಿಲ್ಲಿಸಿತು. ಅಷ್ಟು ಭಾರದ ಪ್ರಾಣಿ ನೀರಿನ ಆಸರೆಯಿಲ್ಲದೆ ನಿಲ್ಲಲಾರದು ಎಂಬುದು ಆಗಿನ ಹಿರಿಯರ ಅಭಿಪ್ರಾಯ. ಇಂದು ಆ ಕೆಸರು ಒಣಗಿದೆ, ಲೀಲಾಪ್ಸ್ ಮಾತ್ರ ಇನ್ನೂ ಗಾಳಿಯಲ್ಲಿದೆ.

ಆಮೇಲೆ ನೈಟ್ ಶಿಕಾಗೊದ ಫೀಲ್ಡ್ ಮ್ಯೂಸಿಯಂಗೆ 28 ಭಿತ್ತಿಚಿತ್ರಗಳನ್ನು ಮಾಡಿಕೊಟ್ಟ. 1930ರ ಹೊತ್ತಿಗೆ ಆ ಕೆಲಸ ಮುಗಿಯಿತು. ಬೆಳಕು, ದೂರ, ಮಂಜು, ಪ್ರಾಣಿಗಳ ತೂಕ ಎಲ್ಲದರಲ್ಲೂ ಇವು ಇಪ್ಪತ್ತೆರಡರ ಹುಡುಗನ ಚಿತ್ರಕ್ಕಿಂತ ಎಷ್ಟೋ ಪಳಗಿದವು. ಆದರೂ ಪ್ರಾಣಿಯ ಜೀವಂತಿಕೆಯ ವಿಷಯಕ್ಕೆ ಬಂದರೆ ನಾನು ಆ ಹುಡುಗನ ಪಕ್ಷ. ಕಲಾವಿದನ ಬೆಳವಣಿಗೆ ಮೆಟ್ಟಿಲು ಹತ್ತಿದಂತೆ ಒಂದೇ ದಿಕ್ಕಿಗೆ ಸಾಗುತ್ತದೆ ಎಂದು ನಂಬಿದವರು ಈ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಇದೇ ಮಾತಿಗೆ ಇನ್ನೂ ಬಲವಾದ ಸಾಕ್ಷಿ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಪೀಬಡಿ ಮ್ಯೂಸಿಯಂನ ಗೋಡೆಯ ಮೇಲೆ 110 ಅಡಿ ಉದ್ದ, 16 ಅಡಿ ಎತ್ತರದ ಒಂದೇ ಚಿತ್ರ. ಬಲದಿಂದ ಎಡಕ್ಕೆ ನಡೆಯುತ್ತ ಹೋದರೆ ಸರೀಸೃಪಗಳ 30 ಕೋಟಿ ವರ್ಷಕ್ಕೂ ಮೀರಿದ ಚರಿತ್ರೆ ಕಣ್ಣೆದುರು ಹಾದುಹೋಗುತ್ತದೆ. ಬರೆದವನು ರುಡಾಲ್ಫ್ ಜಾಲಿಂಗರ್. ಕೆಲಸ ಸಿಕ್ಕಾಗ ಇಪ್ಪತ್ತರ ಆಸುಪಾಸಿನ ತರುಣ. ಮ್ಯೂಸಿಯಂನ ನಿರ್ದೇಶಕನಿಗೆ ಕಡಲಪಾಚಿಯ ಚಿತ್ರ ಬರೆದುಕೊಡುತ್ತಿದ್ದ, ಡೈನೊಸಾರ್ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ತಿಳಿದಿರಲಿಲ್ಲ. ಕುಂಚ ಮುಟ್ಟುವ ಮೊದಲು ಆರು ತಿಂಗಳು ಯೇಲ್‌ನ ವಿಜ್ಞಾನಿಗಳ ಹತ್ತಿರ ಅಂಗರಚನೆಯ ಪಾಠ ಹೇಳಿಸಿಕೊಂಡ. 1943ರಲ್ಲಿ ಶುರುವಾದ ಚಿತ್ರ 1947ರಲ್ಲಿ ಮುಗಿಯಿತು, 1949ರಲ್ಲಿ ಅವನಿಗೆ ಪುಲಿಟ್ಜರ್ ಫೆಲೊಶಿಪ್ ಬಂತು. ಚಿತ್ರ ಮನೋಹರವೇ. ಆದರೆ ಅದರಲ್ಲಿನ ಟಿರಾನೊಸಾರಸ್ ದಪ್ಪ ಬಾಲವನ್ನು ನೆಲಕ್ಕೆ ಹಾಕಿ ಮೂರನೆಯ ಕಾಲಿನಂತೆ ಊರಿಕೊಂಡು ನಿಂತಿದೆ. ಕುಂಚ ಅರ್ಧ ಶತಮಾನ ಮುಂದೆ ಬಂದಿತ್ತು, ಪ್ರಾಣಿ ನೈಟನ ಲೀಲಾಪ್ಸ್‌ಗಿಂತ ಹಿಂದೆ ಹೋಗಿತ್ತು. ಇದರಲ್ಲಿ ಜಾಲಿಂಗರನ ತಪ್ಪೇನಿಲ್ಲ. ಪಾಠ ಹೇಳಿದವರಿಗೆ ಗೊತ್ತಿದ್ದುದೇ ಅಷ್ಟು.

ಆ ಭಿತ್ತಿಚಿತ್ರದ ಮಾದರಿಯನ್ನು 1953ರ ಸೆಪ್ಟೆಂಬರಿನಲ್ಲಿ ಲೈಫ್ ಪತ್ರಿಕೆ ಅಚ್ಚುಹಾಕಿತು. ಅಜ್ಜನ ಮನೆಯಲ್ಲಿ ಸಿಕ್ಕ ಆ ಸಂಚಿಕೆಯನ್ನು ನೋಡಿ ರಾಬರ್ಟ್ ಬ್ಯಾಕರ್ ಎಂಬ ಹುಡುಗ ಡೈನೊಸಾರಿಗೆ ಮರುಳಾದ. ಬೆಳೆದು ಯೇಲ್‌ಗೇ ಓದಲು ಹೋದ. ಅಲ್ಲಿ ಅವನ ಗುರು ಜಾನ್ ಆಸ್ಟ್ರಮ್ 1964ರಲ್ಲಿ ಮೊಂಟಾನಾದಲ್ಲಿ ಒಂದು ಡೈನೊಸಾರಿನ ಪಳೆಯುಳಿಕೆ ಪತ್ತೆಹಚ್ಚಿದ್ದರು. ಹೆಸರು ಡೈನೊನೈಕಸ್. ಕಾಲಿನ ಎರಡನೇ ಬೆರಳಿಗೆ ಕುಡುಗೋಲಿನಂತೆ ಬಾಗಿದ ಉಗುರು. ಅದನ್ನು ಆಯುಧವಾಗಿ ಬಳಸಬೇಕಾದರೆ ಒಂಟಿ ಕಾಲಿನ ಮೇಲೆ ನಿಂತು ಇನ್ನೊಂದನ್ನು ಬೀಸಬೇಕು, ಜಡ ಹಲ್ಲಿಗೆ ಅದು ಸಾಧ್ಯವಿಲ್ಲ. ಬಾಲದ ಉದ್ದಕ್ಕೂ ಮೂಳೆಯ ಕಡ್ಡಿಗಳು ಕಟ್ಟಿಕೊಂಡು ಅದು ಸೆಟೆದಿತ್ತು. ಅಂದರೆ ಬಾಲ ಎಳೆದಾಡಲು ಇದ್ದದ್ದಲ್ಲ, ಓಡುವಾಗ ಮೈಯನ್ನು ಸಮತೂಕದಲ್ಲಿಡಲು ಇದ್ದದ್ದು. 1969ರಲ್ಲಿ ಆಸ್ಟ್ರಮ್ ಇದನ್ನು ಪ್ರಕಟಿಸಿದಾಗ ಜೊತೆಗಿನ ಚಿತ್ರವನ್ನು ಬ್ಯಾಕರ್ ಬಿಡಿಸಿದ. ಬಾಲ, ಬೆನ್ನು, ಕುತ್ತಿಗೆ ಒಂದೇ ಅಡ್ಡಗೆರೆಯಲ್ಲಿ ಚಾಚಿ, ಒಂದು ಕಾಲು ಮುಂದೆತ್ತಿ ಓಡುತ್ತಿರುವ ಪ್ರಾಣಿ. ಬಾಲ ಎಳೆಯುವ ಡೈನೊಸಾರುಗಳ ಚಿತ್ರ ನೋಡಿ ಈ ವಿದ್ಯೆಗೆ ಬಂದವನೇ ಆ ಬಾಲವನ್ನು ನೆಲದಿಂದೆತ್ತಿದ. ನ್ಯೂಯಾರ್ಕಿನ ಮ್ಯೂಸಿಯಂ 1915ರಲ್ಲಿ ನೆಟ್ಟಗೆ ನಿಲ್ಲಿಸಿದ್ದ ಟಿರಾನೊಸಾರಸ್ ಅಸ್ಥಿಪಂಜರವನ್ನು ಅಡ್ಡಗೆ ಮಲಗಿಸಿ ಮರುಜೋಡಿಸಿದ್ದು 1990ರ ದಶಕದಲ್ಲಿ. ನಮ್ಮ ಮಕ್ಕಳ ಚಿತ್ರದಲ್ಲಿ, ಆಟಿಕೆಯಲ್ಲಿ ಇಂದಿಗೂ ಕಾಣುವ ನೆಟ್ಟಗಿನ ಡೈನೊಸಾರಿನ ಮೂಲ ಆ 1915ರ ಭಂಗಿ.

ಇಷ್ಟು ದೊಡ್ಡವರ ಕತೆ. ಮನೆಯಲ್ಲಿ ಕೂತು ಬಿಡಿಸುವ ಹುಡುಗ ಹುಡುಗಿಯರ ಚಿತ್ರ ನಿಜವಾಗಿ ಮೇಲೇರುವುದು ಕೆಲವು ನಿರ್ದಿಷ್ಟ ಗಂಟುಗಳಲ್ಲಿ. ಅಕ್ಷರಶಃ ಗಂಟುಗಳೇ. ಕೋಳಿಯ ಕಾಲು ಹಿಂದಕ್ಕೆ ಮಡಚುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಿಂದಕ್ಕೆ ಮಡಚಿದಂತೆ ಕಾಣುವ ಆ ಗಂಟು ಮೊಣಕಾಲಲ್ಲ, ನಮ್ಮ ಹಿಮ್ಮಡಿಯ ಮೇಲಿನ ಗಂಟಿಗೆ ಸಮನಾದದ್ದು. ಅದರ ಕೆಳಗಿನ ಹುರುಪೆಯ ಕಡ್ಡಿಯೆಲ್ಲ ಪಾದ, ನೆಲಕ್ಕೆ ತಾಗಿರುವುದು ಬೆರಳಷ್ಟೇ. ನಿಜವಾದ ಮೊಣಕಾಲು ಮೇಲೆ, ರೆಕ್ಕೆಯ ಕೆಳಗೆ ಗರಿಯಲ್ಲಿ ಅಡಗಿದೆ ಮತ್ತು ನಮ್ಮದರಂತೆ ಮುಂದಕ್ಕೇ ಮಡಚುತ್ತದೆ. ಭಾನುವಾರದ ತಟ್ಟೆಗೆ ಬರುವ ಲೆಗ್ ಪೀಸ್‌ನ ಉದ್ದನೆಯ ತುಂಡು ಮೊಣಕಾಲಿನಿಂದ ಕೆಳಗಿನದು, ಮೀನಖಂಡದ ಭಾಗ. ಟಿರಾನೊಸಾರಸ್‌ನ ಕಾಲೂ ಇದೇ ರಚನೆಯದು. ಇದನ್ನು ಒಮ್ಮೆ ಅರ್ಥಮಾಡಿಕೊಂಡ ಮಗುವಿನ ಡೈನೊಸಾರ್ ಮರುದಿನದಿಂದಲೇ ನಡೆಯಲು ಶುರುಮಾಡುತ್ತದೆ. ಪುಸ್ತಕ ಬೇಡ, ಅಂಗಳದಲ್ಲಿ ಓಡಾಡುವ ನಾಟಿಕೋಳಿ ಸಾಕು. ಸಾಲದ್ದಕ್ಕೆ ಕೋಳಿ ಡೈನೊಸಾರಿನ ವಂಶವೇ.

ಆಮೇಲೆ ಕೈ. ಸಿನಿಮಾದ ಬೇಟೆಗಾರ ಡೈನೊಸಾರುಗಳು ಅಂಗೈಯನ್ನು ನೆಲಕ್ಕೆ ಮಾಡಿ, ಮಣಿಕಟ್ಟು ಇಳಿಬಿಟ್ಟು ಓಡುತ್ತವೆ. ಅವುಗಳ ಮುಂಗೈ ಮೂಳೆಗಳು ಹಾಗೆ ತಿರುಗಲು ಬರುತ್ತಲೇ ಇರಲಿಲ್ಲ. ಚಪ್ಪಾಳೆ ತಟ್ಟುವಾಗ ಇರುವಂತೆ ಅಂಗೈಗಳು ಒಂದಕ್ಕೊಂದು ಎದುರಾಗಿದ್ದವು. 1993ರ ಜುರಾಸಿಕ್ ಪಾರ್ಕ್ ನೋಡಿ ಬೆಳೆದ ಎರಡು ತಲೆಮಾರಿನ ಮಕ್ಕಳು ಈ ಕೈಯನ್ನು ತಪ್ಪಾಗಿಯೇ ಬಿಡಿಸಿದ್ದಾರೆ. ಅದೇ ಸಿನಿಮಾದ ವೆಲಾಸಿರಾಪ್ಟರ್ ಆಳೆತ್ತರದ್ದು, ಬೋಳು ಚರ್ಮದ್ದು. ನಿಜವಾದದ್ದು ಟರ್ಕಿ ಕೋಳಿಯ ಗಾತ್ರದ್ದು. 2007ರಲ್ಲಿ ಅದರ ಮುಂಗೈ ಮೂಳೆಯ ಮೇಲೆ ಗರಿಯ ಬುಡ ಊರಿದ್ದ ಗುಬ್ಬುಗಳೂ ಸಿಕ್ಕವು. ಗರಿಯನ್ನು ಹಾಕಲು ಕಲಿತ ಹೊಸ ಕಲಾವಿದರು ಮಾಡುವ ಒಂದು ತಪ್ಪಿದೆ: ಗರಿ ಮಣಿಕಟ್ಟಿಗೆ ನಿಂತುಬಿಡುತ್ತದೆ, ಮುಂದೆ ಬೋಳು ಬೆರಳು. ಹಕ್ಕಿಯ ರೆಕ್ಕೆಯನ್ನು ಹರಡಿ ನೋಡಿದವರು ಹೀಗೆ ಬರೆಯುವುದಿಲ್ಲ. ಅತಿ ಉದ್ದದ ಗರಿಗಳು ಹುಟ್ಟುವುದೇ ಕೈಯಿಂದ, ಎರಡನೇ ಬೆರಳಿನ ಉದ್ದಕ್ಕೂ.

ಬಣ್ಣವನ್ನು ಮಾತ್ರ ಯಾರೂ ಎಂದೂ ತಿಳಿಯಲಾರರು ಎಂದು ನನ್ನ ಕಾಲದ ಪುಸ್ತಕಗಳೆಲ್ಲ ಹೇಳುತ್ತಿದ್ದವು. ಚೀನಾದ ಲ್ಯಾವ್‌ನಿಂಗ್ ಪ್ರಾಂತ್ಯದಲ್ಲಿ 1996ರಲ್ಲಿ ಬೆಳಕಿಗೆ ಬಂದ ಸೈನೊಸಾರಾಪ್ಟರಿಕ್ಸ್‌ನ ಮೈಮೇಲೆ ರೋಮದಂಥ ಗರಿಗಳ ಗುರುತಿತ್ತು. ಅದರಲ್ಲಿ ಉಳಿದಿದ್ದ ವರ್ಣದ್ರವ್ಯದ ಸೂಕ್ಷ್ಮ ಕೋಶಾಂಗಗಳ ಆಕಾರವನ್ನು ಇಂದಿನ ಹಕ್ಕಿಗಳದರೊಂದಿಗೆ ಹೋಲಿಸಿ, ಅದರ ಬಾಲದಲ್ಲಿ ಇಟ್ಟಿಗೆಗೆಂಪು ಮತ್ತು ಬಿಳಿಯ ಪಟ್ಟೆಗಳಿದ್ದವೆಂದು 2010ರಲ್ಲಿ ವಿಜ್ಞಾನಿಗಳು ಹೇಳಿದರು. ಹಸಿರು ಕ್ರೆಯಾನು ಸವೆಯುವುದು ಇನ್ನಾದರೂ ಕಡಿಮೆಯಾಗಬೇಕು.

ಮೂಳೆ ಕಲಿತವರಿಗೆ ಒಂದು ಹೊಸ ರೋಗ ಅಂಟಿಕೊಳ್ಳುತ್ತದೆ. ಕಲಿತದ್ದನ್ನೆಲ್ಲ ತೋರಿಸುವ ಚಪಲ. ತಲೆಬುರುಡೆಯ ಪ್ರತಿ ತೂತೂ ಚರ್ಮದ ಮೇಲೆ ಗುಳಿಯಾಗಿ ಕಾಣುತ್ತದೆ, ಪಕ್ಕೆಲುಬು ಎಣಿಸಬಹುದು, ಅಸ್ಥಿಪಂಜರಕ್ಕೆ ಒದ್ದೆ ಬಟ್ಟೆ ಹೊದಿಸಿದಂತಿರುತ್ತದೆ. ಜಾನ್ ಕಾನ್ವೇ, ಸಿ. ಎಂ. ಕೊಸೆಮನ್, ಡ್ಯಾರೆನ್ ನಾಯ್ಶ್ ಎಂಬ ಮೂವರು 2012ರಲ್ಲಿ ತಂದ ‘ಆಲ್ ಯೆಸ್ಟರ್ಡೇಸ್’ ಪುಸ್ತಕ ಈ ರೋಗಕ್ಕೆ ಕೊಟ್ಟ ಮದ್ದು ಮೋಜಿನದು. ಇಂದಿನ ಪ್ರಾಣಿಗಳ ಮೂಳೆ ಮಾತ್ರ ಸಿಕ್ಕ ಭವಿಷ್ಯದ ಕಲಾವಿದ ಅವನ್ನು ಹೇಗೆ ಬರೆದಾನು ಎಂದು ಅವರು ಬರೆದು ತೋರಿಸಿದರು. ಗರಿಯ ಸುಳಿವಿಲ್ಲದ ಹಂಸ ಅದರಲ್ಲಿ ಕುಡುಗೋಲಿನಂಥ ಕೈಗಳಿಂದ ಬೇಟೆಯಾಡುವ ಪಿಶಾಚಿ. ಆನೆಯ ಬುರುಡೆಯನ್ನೇ ನೋಡಿ: ನಡುವೆ ದೊಡ್ಡದೊಂದು ತೂತು, ಸೊಂಡಿಲಿನಲ್ಲಿ ಮೂಳೆಯೇ ಇಲ್ಲ. ಆನೆಯನ್ನು ಕಂಡಿರದಿದ್ದರೆ ನಾವು ಏನು ಬರೆಯುತ್ತಿದ್ದೆವೋ! ಬೊಜ್ಜು, ಜೋಲುಚರ್ಮ, ಜುಟ್ಟು, ಆಟ, ನಿದ್ದೆ, ಇವಕ್ಕೆ ಜಾಗ ಕೊಡುವ ಧೈರ್ಯ ಬಂದ ಮೇಲೆ ಚಿತ್ರ ಮತ್ತೊಂದು ಮಟ್ಟಕ್ಕೆ ಹೋಗುತ್ತದೆ. ಸದಾ ಬಾಯ್ದೆರೆದು ಅರಚುವ ಡೈನೊಸಾರ್ ಕಲಾವಿದನ ಎಳಸುತನದ ಗುರುತು.

ಇಷ್ಟಕ್ಕೂ ಬರೆಯಲು ಅಮೆರಿಕ, ಚೀನಾಗಳ ಪ್ರಾಣಿಗಳೇ ಏಕೆ? ಕರ್ನಾಟಕದಲ್ಲಿ ಡೈನೊಸಾರ್ ಹುಡುಕಿದರೆ ಪ್ರಯೋಜನವಿಲ್ಲ. ನಮ್ಮ ಬಹುಭಾಗದ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಉತ್ತರದ ಜಿಲ್ಲೆಗಳ ಮೇಲೆ ಲಾವಾ ಹರಡಿದೆ. ಆದರೆ ದೇಶದ ಬೇರೆ ರಾಜ್ಯಗಳಲ್ಲಿ ಬೇಕಾದಷ್ಟಿದೆ. ಗೋದಾವರಿ ಕಣಿವೆಯಲ್ಲಿ ಸಿಕ್ಕು 1975ರಲ್ಲಿ ಹೆಸರಿಡಲಾದ ಬರಪಾಸಾರಸ್ ಟಾಗೋರೈ ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಮ್ಯೂಸಿಯಂನಲ್ಲಿ ನಿಂತಿದೆ. ಅದರ ತಲೆಬುರುಡೆ ಸಿಕ್ಕಿಲ್ಲ, ಕೆಲವು ಹಲ್ಲುಗಳಷ್ಟೇ. ಹಾಗಾಗಿ ಅದರ ಮುಖ ಬರೆಯುವಾಗ ಹತ್ತು ವರ್ಷದ ಹುಡುಗಿಯೂ ಪಳಗಿದ ಕಲಾವಿದನೂ ಸಂಬಂಧಿಕರ ಮುಖದಿಂದ ಸಾಲ ತರಲೇಬೇಕು. ಗುಜರಾತಿನ ರೈಯೊಲಿಯ ಮೂಳೆಗಳಿಂದ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಬಂತು, ಹಣೆಯ ಮೇಲೆ ಗಿಡ್ಡ ಕೋಡಿನ ಬೇಟೆಗಾರ. ಗುಜರಾತಿನದೇ ಇನ್ನೊಂದು ಪಳೆಯುಳಿಕೆ ತಾನೇ ಒಂದು ಚಿತ್ರದಂತಿದೆ. ಡೈನೊಸಾರಿನ ಗೂಡಿನಲ್ಲಿ ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿ ಕೂತ, ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲಿ ಆಗತಾನೇ ಹೊರಬಂದ ಮರಿ. ಸನಾಜೆ ಇಂಡಿಕಸ್ ಎಂದು 2010ರಲ್ಲಿ ಹೆಸರಾದ ಆ ಹಾವು ಬೇಟೆಯ ನಡುವೆಯೇ ಮಣ್ಣಡಿ ಸೇರಿತ್ತು.

ಹುಲ್ಲಿನ ಮಾತೊಂದಿದೆ. ಡೈನೊಸಾರಿನ ಕಾಲಡಿ ಹುಲ್ಲು ಬಿಡಿಸಿದ ಮಕ್ಕಳಿಗೆ ತಿಳಿದವರು ತಪ್ಪು ಎನ್ನುತ್ತಿದ್ದರು, ಆಗಿನ್ನೂ ಹುಲ್ಲೇ ಹುಟ್ಟಿರಲಿಲ್ಲವೆಂದು. ಬಹಳ ಹಿಂದಿನ ಕಾಲದ ಸ್ಟೆಗೊಸಾರಸ್ ಮಟ್ಟಿಗೆ ಅದು ಈಗಲೂ ಸರಿ. ಆದರೆ ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ, ಕಲ್ಲಾಗಿಹೋದ ಡೈನೊಸಾರ್ ಲದ್ದಿಯಲ್ಲಿ ಹುಲ್ಲಿನ ಸಿಲಿಕಾ ಕಣಗಳಿರುವುದನ್ನು ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ನಡುಭಾರತದ ಕೊನೆಗಾಲದ ಡೈನೊಸಾರುಗಳು ಹುಲ್ಲು ಮೇಯ್ದಿದ್ದವು. ಮಗು ಹುಲ್ಲು ಬಿಡಿಸಿದರೆ ತಿದ್ದುವ ಮುನ್ನ ಯಾವ ದೇಶದ, ಯಾವ ಕಾಲದ ಡೈನೊಸಾರು ಎಂದು ಕೇಳಬೇಕು.

ಮನೆಯಲ್ಲಿ ಇಂಥದೊಂದು ಮಗು ಇದ್ದರೆ ದುಬಾರಿ ಬಣ್ಣದ ಪೆಟ್ಟಿಗೆಗಿಂತ ಮೊದಲು ಒಂದು ದಿನದ ಸಮಯ ಕೊಡಿ. ಮೈಸೂರಿನ ಮೃಗಾಲಯಕ್ಕೆ ಸ್ಕೆಚ್ ಪುಸ್ತಕದೊಂದಿಗೆ ಕರೆದೊಯ್ದು, ಆನೆ, ಮೊಸಳೆ, ದೊಡ್ಡ ಹಕ್ಕಿಗಳ ಎದುರು ಬೇಸರವಾಗುವಷ್ಟು ಹೊತ್ತು ಕೂರಲು ಬಿಡಿ. ಎಲ್ಲ ಪ್ರಾಣಿ ನೋಡಿ ಮುಗಿಸಬೇಕೆಂಬ ಅವಸರ ಬೇಡ. ಕಳೆದ ವರ್ಷದ ಚಿತ್ರವನ್ನೇ ಈ ವರ್ಷ ಮತ್ತೆ ಬಿಡಿಸಲು ಹೇಳಿ. ಹಳೆಯದನ್ನು ರದ್ದಿಗೆ ಹಾಕಬೇಡಿ. ಪ್ರತಿ ಹಾಳೆಯ ಹಿಂದೆ ತಾರೀಕು ಬರೆದು, ಒಂದು ಕಡತದಲ್ಲಿ ಜೋಡಿಸಿಡಿ.